ಹರಕೆ ಹೊತ್ತರೆ ಸಂಸಾರ ಉಳಿಯುತ್ತದೆಯೇ?

ಪ್ರಶ್ನೆ: ಮದುವೆಯಾಗಿ ಆರು ವರ್ಷವಾಯಿತು, ಮಕ್ಕಳಾಗಿಲ್ಲ. ಅತ್ತೆಯವರು ಕಂಡ ಕಂಡ ದೇವಸ್ಥಾನಕ್ಕೆಲ್ಲ ಹರಕೆ ಹೇಳಿಕೊಳ್ಳುತ್ತಿದ್ದಾರೆ. ನಾನೂ ನನ್ನ ಗಂಡನೂ ಮಾತನಾಡುವುದೇ ಕಡಿಮೆಯಾಗಿದೆ. ದೇವರನ್ನು ನಂಬಿದರೆ ಸಂಸಾರ ಉಳಿಯುತ್ತದೆಯೇ?
– ವಿರಾಜಪೇಟೆ ತಾಲ್ಲೂಕಿನ ಓದುಗರು

ಉತ್ತರ: ತಂಗೀ, ನಂಬಿಕೆ ಸಂಸಾರವನ್ನು ಉಳಿಸುವುದೂ ಉಂಟು, ಮುರಿಯುವುದೂ ಉಂಟು. ಕಷ್ಟ ಬಂದಾಗ ದೇವರು ಜೊತೆಗಿದ್ದಾನೆ ಎಂದು ಒರಗಿಕೊಳ್ಳುವವರಿದ್ದಾರೆ, ದೇವರೇ ಶಿಕ್ಷಿಸುತ್ತಿದ್ದಾನೆ ಎಂದು ಕುಗ್ಗುವವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪರ್ಗಮೆಂಟ್ ಈ ಎರಡನ್ನೂ ಬೇರೆ ಬೇರೆಯಾಗಿ ಅಧ್ಯಯನ ಮಾಡಿದರು. ಎರಡನೆಯ ಬಗೆಯವರಲ್ಲಿ ಖಿನ್ನತೆ ಹೆಚ್ಚಾಗಿ ಕಂಡುಬರುತ್ತದೆ. ನಮ್ಮ ಮನೆಗಳಲ್ಲಿ ಆ ಶಿಕ್ಷೆಗೆ ನಾಗದೋಷ, ಗುರುಕಾರೋಣರ (ಮನೆತನದ ಪೂರ್ವಜರ) ಮುನಿಸು ಎಂಬ ಹೆಸರುಗಳಿವೆ. ಹೆಸರು ಯಾವುದೇ ಇರಲಿ, ಅದರ ಹೊರೆ ಬೀಳುವುದು ಸೊಸೆಯ ತಲೆಯ ಮೇಲೆ. ಇದನ್ನು ನಾನು ಒಪ್ಪಲಾರೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ದೇಹದಲ್ಲೂ ಕಾರಣವಿರುತ್ತದೆ. ಹನ್ನೆರಡು ತಿಂಗಳು ಕಳೆದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ವೈದ್ಯರನ್ನು ಕಾಣಬೇಕು. ನಿಮ್ಮ ಯಜಮಾನರ ವೀರ್ಯ ಪರೀಕ್ಷೆ ಇನ್ನೂ ಆಗಿಲ್ಲವಾದರೆ ಮೊದಲು ಆಗಬೇಕಾದದ್ದು ಅದು. ಸರಳ ಪರೀಕ್ಷೆ, ನೋವಿಲ್ಲ. ನಮ್ಮ ಕೊಡಗಿನ ದೇವರು ಇಗ್ಗುತ್ತಪ್ಪನಿಗೆ ಹೇಳಿಕೊಂಡ ಹರಕೆಗೂ ಅದಕ್ಕೂ ಜಗಳವಿಲ್ಲ.

ನಮ್ಮ ತಾಯಿ ಕಾವೇರಿಯ ಕಥೆಯನ್ನು ಒಮ್ಮೆ ನೆನೆಯಿರಿ. ಮಕ್ಕಳಿಲ್ಲದ ಕವೇರ ಮುನಿ ತಪಸ್ಸು ಮಾಡಿದ. ಬ್ರಹ್ಮ ತನ್ನ ಮಗಳು ಲೋಪಾಮುದ್ರೆಯನ್ನೇ ಅವನಿಗೆ ಕೊಟ್ಟ. ಕವೇರ ಸಾಕಿದ ಮಗಳಾದ್ದರಿಂದ ಅವಳು ಕಾವೇರಿಯಾದಳು. ಇಡೀ ಕೊಡಗು ತಾಯಿ ಎಂದು ಕರೆಯುವವಳು ಸಾಕುಮಗಳು! ಕಣಿಪೂಜೆಯ ದಿನ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ವಸ್ತ್ರ ಸುತ್ತಿ, ಒಡವೆ ತೊಡಿಸಿ ನಾವು ಕೈಮುಗಿಯುವುದು ಅವಳಿಗೇ. ಒಕ್ಕದ, ಅಂದರೆ ಮನೆತನದ, ಹೆಸರು ರಕ್ತದಿಂದ ಮಾತ್ರ ಉಳಿಯುತ್ತದೆ ಎನ್ನುವ ಹಿರಿಯರಿಗೆ ಈ ಕಥೆಯನ್ನು ನಾನು ಎಷ್ಟೋ ಸಲ ನೆನಪಿಸಿದ್ದೇನೆ. ದತ್ತು ಬೇಕೆನಿಸಿದರೆ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ ನೋಂದಾಯಿಸಬಹುದು. ಎರಡು ವರ್ಷ ಸ್ಥಿರ ದಾಂಪತ್ಯ ನಡೆಸಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು.

ಇನ್ನೊಂದು ಮಾತು. ಮಕ್ಕಳಾಗಲಿಲ್ಲ ಎಂಬುದು 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕಾರಣವಲ್ಲ. ಯಾರಾದರೂ ಹಾಗೆಂದು ಹೆದರಿಸಿದರೆ ಹೆದರಬೇಡಿ.

ಈಗ ನಿಮ್ಮಿಬ್ಬರ ಮೌನದ ವಿಷಯ. ನನಗೆ ಹರಕೆಗಿಂತ ಹೆಚ್ಚು ಚಿಂತೆ ಅದರದ್ದೇ. ಹರಕೆ ಅತ್ತೆಯವರದ್ದು, ಮಾತ್ರೆ ನಿಮ್ಮದು, ತೋಟದ ಕೆಲಸ ಯಜಮಾನರದ್ದು ಎಂದು ಹಂಚಿಹೋದ ಮನೆಯಲ್ಲಿ ದುಃಖವೂ ಹಂಚಿಹೋಗುತ್ತದೆ, ಒಬ್ಬರದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಈ ಸಲ ತುಲಾ ಸಂಕ್ರಮಣ ಕಳೆದು ಜನಜಂಗುಳಿ ಇಳಿದ ಮೇಲೆ ಇಬ್ಬರೇ ತಲಕಾವೇರಿಗೆ ಹೋಗಿ ಬನ್ನಿ. ಬರುವಾಗ ಭಾಗಮಂಡಲದ ಸಂಗಮದ ಬಳಿ ಕುಳಿತು ಚಿಕಿತ್ಸೆ ಎಲ್ಲಿಯವರೆಗೆ, ಖರ್ಚು ಎಷ್ಟರವರೆಗೆ, ಆಮೇಲೇನು ಎಂದು ಮಾತನಾಡಿಕೊಳ್ಳಿ. ಅದಕ್ಕೂ ಮೊದಲು, ಈ ಆರು ವರ್ಷ ಅವರಿಗೆ ಹೇಗಿತ್ತು ಎಂದು ಕೇಳಿ. ಗಂಡಸರನ್ನು ಇದನ್ನು ಯಾರೂ ಕೇಳಿರುವುದಿಲ್ಲ.