ಪ್ಯಾಕ್-12 ಒಡೆದದ್ದು ಹೇಗೆ, ಬಿಲ್ ಬಂದದ್ದು ಯಾರಿಗೆ: ಅಮೆರಿಕದ ಕಾಲೇಜು ಕ್ರೀಡೆಯ ಬಗ್ಗೆ ಅಧ್ಯಯನ ಟಿಪ್ಪಣಿ

2023ರ ಆಗಸ್ಟ್ 4, ಶುಕ್ರವಾರ. ಅಮೆರಿಕದ ಪಶ್ಚಿಮ ಕರಾವಳಿಯ ಪ್ಯಾಕ್-12 ಕಾನ್ಫರೆನ್ಸ್‌ನಲ್ಲಿ ಆ ಬೆಳಿಗ್ಗೆ, ಬಿಟ್ಟು ಹೋಗ್ತೀವಿ ಅಂತ ಹೇಳದೆ ಉಳಿದಿದ್ದ ವಿಶ್ವವಿದ್ಯಾಲಯಗಳು ಒಂಬತ್ತು. ರಾತ್ರಿ ಹೊತ್ತಿಗೆ ನಾಲ್ಕು. ಸೆಪ್ಟೆಂಬರ್ 1ಕ್ಕೆ ಎರಡೇ. 1915ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಹುಟ್ಟಿದ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್‌ನಿಂದ ಬೇರು ಎಳೆದುಕೊಂಡು ಬಂದಿದ್ದ ಸಂಸ್ಥೆ, ನೂರು ವರ್ಷ ದಾಟಿದ್ದು, ಒಂದು ತಿಂಗಳಲ್ಲಿ ಚೂರಾಯಿತು. ಕಾನ್ಫರೆನ್ಸ್ ಮರುಜೋಡಣೆ (ಕಾಲೇಜುಗಳು ಒಂದು ಕೂಟ ಬಿಟ್ಟು ಇನ್ನೊಂದಕ್ಕೆ ಹೋಗುವುದು) ಓದುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಎಲ್ಲ ಕಾರಣಗಳೂ, ಎಲ್ಲ ಪರಿಣಾಮಗಳೂ ಇದೊಂದರಲ್ಲೇ ಇವೆ.

ಮೊದಲು ಬುನಾದಿ. ಅಮೆರಿಕದಲ್ಲಿ ಹತ್ತಾರು ಕಾಲೇಜುಗಳು ಸೇರಿ ಒಂದು ಕಾನ್ಫರೆನ್ಸ್ ಮಾಡಿಕೊಳ್ಳುತ್ತವೆ. ಅದರೊಳಗೇ ವೇಳಾಪಟ್ಟಿ, ಅದರೊಳಗೇ ಚಾಂಪಿಯನ್‌ಶಿಪ್. ಟಿವಿ ಹಕ್ಕನ್ನು ಕಾನ್ಫರೆನ್ಸ್ ಒಟ್ಟಾಗಿ ಮಾರಿ ಸದಸ್ಯರಿಗೆ ಹಂಚುತ್ತದೆ. ನಮ್ಮಲ್ಲಿ ಬಿಸಿಸಿಐ 2023ರಿಂದ 27ರ ಐಪಿಎಲ್ ಪ್ರಸಾರ ಹಕ್ಕನ್ನು 48,390 ಕೋಟಿ ರೂಪಾಯಿಗೆ ಮಾರಿ ತಂಡಗಳಿಗೆ ಪಾಲು ಕೊಡುವ ಲೆಕ್ಕವೇ ಹೆಚ್ಚುಕಡಿಮೆ ಅಲ್ಲಿಯೂ. ಒಂದೇ ವ್ಯತ್ಯಾಸ: ಆರ್‌ಸಿಬಿ ಐಪಿಎಲ್ ಬಿಟ್ಟು ಇನ್ನೊಂದು ಲೀಗಿಗೆ ಹೋಗಲಾರದು, ಅಮೆರಿಕದ ಕಾಲೇಜು ಹೋಗಬಹುದು. ನಮ್ಮ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಸಂಘವೇ ದಕ್ಷಿಣ ವಲಯ, ಪಶ್ಚಿಮ ವಲಯ ಅಂತ ಹಾಕಿಕೊಡುತ್ತದೆ. ಆ ಪಂದ್ಯಗಳ ಪ್ರಸಾರಕ್ಕೆ ಯಾರೂ ಕೋಟಿಗಟ್ಟಲೆ ಸುರಿಯುವುದಿಲ್ಲವಾದ್ದರಿಂದ ವಲಯ ಬದಲಿಸುವ ಗಲಾಟೆಯೂ ಇಲ್ಲ.

ಈ ಗಲಾಟೆಯ ಮೂಲ 1984ರ ಒಂದು ತೀರ್ಪು. ಅಲ್ಲಿಯವರೆಗೆ ಕಾಲೇಜು ಫುಟ್‌ಬಾಲ್ (ಅಮೆರಿಕನ್ ಫುಟ್‌ಬಾಲ್, ನಮ್ಮ ಕಾಲ್ಚೆಂಡಲ್ಲ) ಪ್ರಸಾರವನ್ನು ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆ ನಿಯಂತ್ರಿಸುತ್ತಿತ್ತು. ಒಂದು ತಂಡ ಎಷ್ಟು ಸಲ ಟಿವಿಯಲ್ಲಿ ಬರಬಹುದು ಅನ್ನುವುದಕ್ಕೂ ಮಿತಿ. ಒಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. ಇದು ಏಕಸ್ವಾಮ್ಯ ವಿರೋಧಿ ಕಾನೂನಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಪ್ರಸಾರ ಹಕ್ಕು ಕಾಲೇಜುಗಳ ಕೈಗೆ ಬಂತು, ಅವು ಅದನ್ನು ಕಾನ್ಫರೆನ್ಸ್‌ಗಳಿಗೆ ಕೊಟ್ಟವು. ಅಲ್ಲಿಂದ ಮುಂದೆ ಯಾವ ಕಾನ್ಫರೆನ್ಸ್‌ನಲ್ಲಿದ್ದೀರಿ ಅನ್ನುವುದರ ಮೇಲೆಯೇ ವರ್ಷದ ಆದಾಯ.

ಹಾಗಾದರೆ ಎಲ್ಲರೂ ದಿನ ಬೆಳಗಾದರೆ ಹೆಚ್ಚು ದುಡ್ಡಿನ ಕಡೆ ಏಕೆ ಓಡುವುದಿಲ್ಲ? ಇಲ್ಲಿ ಬರುವ ಪದ 'ಗ್ರಾಂಟ್ ಆಫ್ ರೈಟ್ಸ್'. ಇಷ್ಟು ವರ್ಷದವರೆಗೆ ನನ್ನ ತವರು ಪಂದ್ಯಗಳ ಪ್ರಸಾರ ಹಕ್ಕು ಕಾನ್ಫರೆನ್ಸ್‌ನದು, ನಾನು ಬಿಟ್ಟು ಹೋದರೂ ಅದು ಇಲ್ಲೇ ಇರುತ್ತದೆ ಅಂತ ಬರೆದುಕೊಡುವ ಒಪ್ಪಂದ. ಹಕ್ಕಿಲ್ಲದ ಕಾಲೇಜನ್ನು ಹೊಸ ಕಾನ್ಫರೆನ್ಸ್ ಸೇರಿಸಿಕೊಂಡು ಏನು ಮಾಡೀತು? ಪೂರ್ವ ಕರಾವಳಿಯ ಎಸಿಸಿ ಕಾನ್ಫರೆನ್ಸ್ ಇಂಥದ್ದನ್ನು 2036ರವರೆಗೆ ಬರೆಸಿಕೊಂಡಿತ್ತು. ಪ್ಯಾಕ್-12ರದು ಟಿವಿ ಒಪ್ಪಂದದ ಜೊತೆಗೇ 2024ರ ಬೇಸಿಗೆಗೆ ಮುಗಿಯುತ್ತಿತ್ತು. ಅಲ್ಲಿಯವರೆಗೆ ಕಾದರೆ ಸಾಕು, ದಂಡ ಕಟ್ಟದೆ ಎದ್ದು ಹೋಗಬಹುದು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ಕಾರಣವಿಲ್ಲ. ಉಳಿದವೆಲ್ಲ ಇದರ ಮೇಲೆ ಬಿದ್ದ ಕಿಡಿಗಳು.

ಆ ಕಿಡಿಗಳೂ ಕಡಿಮೆಯೇನಲ್ಲ. 2011ರಲ್ಲಿ ಪ್ಯಾಕ್-12 ಮುಖ್ಯಸ್ಥ (ಕಮಿಷನರ್) ಲ್ಯಾರಿ ಸ್ಕಾಟ್ ಇಎಸ್‌ಪಿಎನ್ ಮತ್ತು ಫಾಕ್ಸ್ ಎಂಬ ಟಿವಿ ಕಂಪನಿಗಳ ಜೊತೆ 12 ವರ್ಷಕ್ಕೆ ಸುಮಾರು 300 ಕೋಟಿ ಡಾಲರ್‌ನ ಒಪ್ಪಂದ ಮಾಡಿದಾಗ ದೇಶವೇ ಬೆರಗಾಗಿತ್ತು. ಮರುವರ್ಷ ಪ್ಯಾಕ್-12 ತನ್ನದೇ ಚಾನೆಲ್ ತೆರೆಯಿತು, ಪೂರ್ತಿ ಸ್ವಂತದ್ದು, ಪಾಲುದಾರರಿಲ್ಲ. ಬಿಗ್ ಟೆನ್, ಎಸ್‌ಇಸಿ ಎಂಬ ಬೇರೆ ಕಾನ್ಫರೆನ್ಸ್‌ಗಳಿಗೂ ಚಾನೆಲ್ ಇದ್ದವು: ಬಿಗ್ ಟೆನ್ ಚಾನೆಲ್‌ಗೆ ಫಾಕ್ಸ್ ಬೆನ್ನಿಗಿತ್ತು, ಎಸ್‌ಇಸಿ ಚಾನೆಲ್‌ಗೆ ಇಎಸ್‌ಪಿಎನ್. ಅವರು ಕೇಬಲ್ ಕಂಪನಿಗಳ ಮೇಲೆ ಒತ್ತಡ ಹಾಕಿ ಜಾಗ ಮಾಡಿಸಿಕೊಂಡರು. ಪ್ಯಾಕ್-12 ಚಾನೆಲ್ ಕೊನೆಯವರೆಗೂ ಡೈರೆಕ್ಟ್‌ಟಿವಿ ಎಂಬ ಉಪಗ್ರಹ ಟಿವಿ ಸೇವೆಯಲ್ಲಿ ಬರಲಿಲ್ಲ. ಜೊತೆಗೆ ಸಮಯದ ತಾಪತ್ರಯ: ಲಾಸ್ ಏಂಜಲೀಸ್‌ನಲ್ಲಿ ಸಂಜೆ ಏಳೂವರೆಗೆ ಪಂದ್ಯ ಶುರುವಾದರೆ ನ್ಯೂಯಾರ್ಕ್‌ನಲ್ಲಿ ರಾತ್ರಿ ಹತ್ತೂವರೆ. 2022ರ ಹೊತ್ತಿಗೆ ಪ್ಯಾಕ್-12 ಪ್ರತಿ ಸದಸ್ಯನಿಗೆ ಸುಮಾರು 3.7 ಕೋಟಿ ಡಾಲರ್ ಹಂಚುತ್ತಿದ್ದರೆ ಬಿಗ್ ಟೆನ್ 5.8 ಕೋಟಿಯ ಆಸುಪಾಸಿನಲ್ಲಿತ್ತು.

2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಸದಸ್ಯ ವಿಶ್ವವಿದ್ಯಾಲಯಗಳಾದ ಯುಎಸ್‌ಸಿ, ಯುಸಿಎಲ್‌ಎ ಎರಡೂ ಬಿಗ್ ಟೆನ್‌ಗೆ ಹೊರಟವು. ಲಾಸ್ ಏಂಜಲೀಸ್ ಮಾರುಕಟ್ಟೆಯೇ ಕೈಬಿಟ್ಟ ಹಾಗಾಯಿತು. ಯುಸಿಎಲ್‌ಎ ಕ್ರೀಡಾ ವಿಭಾಗಕ್ಕೆ ಆಗಲೇ ಹತ್ತು ಕೋಟಿ ಡಾಲರ್ ಮೀರಿದ ಕೊರತೆ ಇತ್ತು ಅನ್ನುವುದನ್ನು ನೆನಪಿಡಿ. ಎರಡೇ ತಿಂಗಳಲ್ಲಿ ಬಿಗ್ ಟೆನ್ ಏಳು ವರ್ಷಕ್ಕೆ 700 ಕೋಟಿ ಡಾಲರ್ ಮೀರಿದ ಒಪ್ಪಂದಕ್ಕೆ ಸಹಿ ಹಾಕಿತು.

ಉಳಿದ ಹತ್ತು ಮಂದಿ ಏನು ಮಾಡಿದರು? ಕಾದರು. ಇಎಸ್‌ಪಿಎನ್ ಸದಸ್ಯನಿಗೆ ಮೂರು ಕೋಟಿ ಡಾಲರ್‌ನಂತೆ ಕೊಡಲು ಮುಂದೆ ಬಂದಿತ್ತು, ಇವರು ಐದು ಕೋಟಿ ಕೇಳಿದರು ಎಂದು ಆಮೇಲೆ ವರದಿಗಳು ಬಂದವು. ಇವರಿನ್ನೂ ಚೌಕಾಸಿಯಲ್ಲಿದ್ದಾಗಲೇ, ಅಕ್ಟೋಬರ್‌ನಲ್ಲಿ, ಬಿಗ್ 12 ಎಂಬ ಮತ್ತೊಂದು ಕಾನ್ಫರೆನ್ಸ್ ಸದ್ದಿಲ್ಲದೆ ಇಎಸ್‌ಪಿಎನ್ ಮತ್ತು ಫಾಕ್ಸ್ ಜೊತೆ ಸದಸ್ಯನಿಗೆ 3.17 ಕೋಟಿಯ ಲೆಕ್ಕದಲ್ಲಿ ಒಪ್ಪಂದ ಮುಗಿಸಿ ಸರತಿಯಲ್ಲಿ ಮುಂದೆ ಹೋಗಿಬಿಟ್ಟಿತು. ಟಿವಿ ಕಂಪನಿಗಳ ಚೀಲದಲ್ಲಿ ಉಳಿದದ್ದು ಚಿಲ್ಲರೆ. ಆಗಿನ ಕಮಿಷನರ್ ಜಾರ್ಜ್ ಕ್ಲಿಯಾವ್ಕಾಫ್ ಅವರನ್ನು ಎಲ್ಲರೂ ಬೈಯುತ್ತಾರೆ. ಆದರೆ ಬೆಲೆ ನಿರ್ಧರಿಸುವ ಅಧಿಕಾರ ಇದ್ದದ್ದು ವಿಶ್ವವಿದ್ಯಾಲಯಗಳ ಅಧ್ಯಕ್ಷರಿಗೆ. ಪ್ರಶ್ನೆಪತ್ರಿಕೆಯಲ್ಲಿ 'ಯಾರು ಹೊಣೆ' ಅಂತ ಬಂದರೆ ಕಮಿಷನರ್ ಒಬ್ಬರ ಹೆಸರು ಬರೆದು ಕೈತೊಳೆದುಕೊಳ್ಳಬೇಡಿ.

2023ರ ಜುಲೈ 27ಕ್ಕೆ ಕೊಲೊರಾಡೊ ಬಿಗ್ 12ಕ್ಕೆ ಹೋಯಿತು. ಆಗಸ್ಟ್ ಮೊದಲ ದಿನ ಕಮಿಷನರ್ ತಂದಿಟ್ಟದ್ದು ಆಪಲ್ ಕಂಪನಿಯ ಪ್ರಸ್ತಾಪ: ಸದಸ್ಯನಿಗೆ ಸುಮಾರು 2.3 ಕೋಟಿ ಖಚಿತ, ಉಳಿದದ್ದು ಎಷ್ಟು ಜನ ಚಂದಾದಾರರಾಗುತ್ತಾರೆ ಅನ್ನುವುದರ ಮೇಲೆ. ಮೂರು ದಿನದ ನಂತರ, ಒಪ್ಪಿ ಸಹಿ ಹಾಕುತ್ತಾರೆ ಅಂದುಕೊಂಡಿದ್ದ ಬೆಳಿಗ್ಗೆ, ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್ ಕಡೆ ನಡೆದವು. ಅವಕ್ಕೆ ಸಿಕ್ಕಿದ್ದು ಪೂರ್ಣ ಪಾಲೂ ಅಲ್ಲ, ಸುಮಾರು ಮೂರು ಕೋಟಿಯಿಂದ ಶುರು. ಅದೇ ದಿನ ಅರಿಜೋನ, ಅರಿಜೋನ ಸ್ಟೇಟ್, ಯೂಟಾ ಮೂರೂ ಬಿಗ್ 12 ಸೇರಿದವು. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಕ್ಯಾಲ್, ಶಾಂತಸಾಗರದ ದಡದಲ್ಲಿದ್ದುಕೊಂಡು, ಅಟ್ಲಾಂಟಿಕ್ ಕರಾವಳಿಯ ಎಸಿಸಿಗೆ ಹೋದವು. ಮೊದಲ ಏಳು ವರ್ಷ ಟಿವಿ ಹಣದಲ್ಲಿ ಶೇಕಡ 30 ಮಾತ್ರ ಸಾಕು ಅಂತ ಒಪ್ಪಿಕೊಂಡು! ಅವರ ಜೊತೆಗೇ ಎಸಿಸಿ ಸೇರಿದ ಡಲ್ಲಸ್‌ನ ಎಸ್‌ಎಂಯು ವಿಶ್ವವಿದ್ಯಾಲಯ ಇನ್ನೂ ಮುಂದೆ ಹೋಗಿ ಒಂಬತ್ತು ವರ್ಷ ಟಿವಿ ಹಣವೇ ಬೇಡ ಅಂದಿತು. ಹೊರಗೆ ಉಳಿಯುವ ಭಯ ಎಷ್ಟಿತ್ತು ಅನ್ನುವುದಕ್ಕೆ ಈ ಎರಡು ಷರತ್ತುಗಳೇ ಸಾಕ್ಷಿ.

ಉಳಿದ ಇಬ್ಬರು

ಒರೆಗಾನ್ ಸ್ಟೇಟ್ ಇರುವುದು ಕೊರ್ವಾಲಿಸ್‌ನಲ್ಲಿ. ಒರೆಗಾನ್ ವಿಶ್ವವಿದ್ಯಾಲಯ ಇರುವ ಯೂಜೀನ್‌ಗೆ ಅಲ್ಲಿಂದ ಸುಮಾರು 65 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ತುಮಕೂರಿನಷ್ಟು. ಎರಡೂ ಒಂದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು. 1894ರಿಂದ ಒಬ್ಬರ ಮೇಲೊಬ್ಬರು ಫುಟ್‌ಬಾಲ್ ಆಡುತ್ತಿದ್ದವರು. ಯೂಜೀನ್‌ನವರಿಗೆ ನೈಕಿ ಸ್ಥಾಪಕ ಫಿಲ್ ನೈಟ್ ಅವರ ದೇಣಿಗೆ, ರಾಷ್ಟ್ರಮಟ್ಟದ ಹೆಸರು ಇತ್ತು. ಕೊರ್ವಾಲಿಸ್‌ನವರು ಅದೇ ವರ್ಷ 16 ಕೋಟಿ ಡಾಲರ್ ಸುರಿದು ರೀಸರ್ ಕ್ರೀಡಾಂಗಣವನ್ನು ನವೀಕರಿಸಿದ್ದರು. ಹೊಸ ಗ್ಯಾಲರಿ ತೆರೆಯುವ ಹೊತ್ತಿಗೆ, ಮುಂದಿನ ವರ್ಷ ಅದರಲ್ಲಿ ಆಡಲು ಕಾನ್ಫರೆನ್ಸ್ ಇಲ್ಲ. ಇನ್ನೊಬ್ಬರಾದ ವಾಷಿಂಗ್ಟನ್ ಸ್ಟೇಟ್‌ನ ಪುಲ್‌ಮನ್ ಗೋಧಿ ಹೊಲಗಳ ನಡುವಿನ ಪುಟ್ಟ ಊರು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಇರುವ ಟಿವಿ ಮನೆಗಳು ಅದಕ್ಕೆಲ್ಲಿ? ಆಟದಲ್ಲಿ ಸೋತು ಹೊರಗುಳಿದವರಲ್ಲ ಇವರು, ಊರು ಚಿಕ್ಕದು ಅಷ್ಟೆ.

ಆಮೇಲಿನ ಕಾನೂನು ಜಗಳ ಬಹಳ ಸ್ವಾರಸ್ಯ. ಹೊರಟ ಹತ್ತು ಮಂದಿ 2024ರ ಬೇಸಿಗೆಯವರೆಗೂ ಸದಸ್ಯರೇ, ಆದ್ದರಿಂದ ಆಡಳಿತ ಮಂಡಳಿಯಲ್ಲಿ ನಮಗೂ ಮತ ಇದೆ ಎಂದರು. ಹತ್ತು ಮತ, ಎರಡು ಮತ. ಖಜಾನೆ ಯಾರ ಪಾಲಾಗುತ್ತಿತ್ತು ಅಂತ ಬೇರೆ ಹೇಳಬೇಕಿಲ್ಲ. ಉಂಡೂ ಹೋದ ಕೊಂಡೂ ಹೋದ ಅನ್ನುವ ಗಾದೆ ಇವರಿಗಾಗಿಯೇ ಇದ್ದ ಹಾಗಿದೆ. ಆದರೆ ನಿಯಮಾವಳಿಯಲ್ಲಿ ಒಂದು ಸಾಲಿತ್ತು: 2024ರ ಆಗಸ್ಟ್ 1ರ ಮೊದಲು ಬಿಟ್ಟು ಹೋಗುವ ನೋಟಿಸ್ ಕೊಟ್ಟವರ ಪ್ರತಿನಿಧಿ ಮಂಡಳಿಯಲ್ಲಿ ಇರುವಂತಿಲ್ಲ. ಯುಎಸ್‌ಸಿ, ಯುಸಿಎಲ್‌ಎ, ಕೊಲೊರಾಡೊ ಹೊರಟಾಗ ಉಳಿದವರೆಲ್ಲ ಸೇರಿ ಇದೇ ನಿಯಮದಡಿ ಅವರನ್ನು ಮಂಡಳಿಯಿಂದ ಹೊರಗಿಟ್ಟಿದ್ದರು. ಈಗ ಅದೇ ಸಾಲು ಹಾಗೆ ಹೊರಗಿಟ್ಟವರಿಗೇ ತಿರುಗಿತು. ಪುಲ್‌ಮನ್‌ಗೆ ಹತ್ತಿರದ ಕೋಲ್‌ಫ್ಯಾಕ್ಸ್‌ನ ಕೌಂಟಿ ಕೋರ್ಟ್ 2023ರ ನವೆಂಬರ್‌ನಲ್ಲಿ ಇಬ್ಬರ ಪರ ಆದೇಶ ಕೊಟ್ಟಿತು, ಡಿಸೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಕದಲಿಸಲಿಲ್ಲ. ಕೊನೆಗೆ ರಾಜಿ: ಹೊರಟವರು ತಲಾ 65 ಲಕ್ಷ ಡಾಲರ್ ಬಿಟ್ಟುಕೊಟ್ಟರು, ಒಟ್ಟು 6.5 ಕೋಟಿ. ಸಂಸ್ಥೆ, ಹೆಸರು, ಉಳಿದ ಆಸ್ತಿ ಇಬ್ಬರ ಕೈಯಲ್ಲಿ.

ದುಡ್ಡು ಉಳಿಯಿತು, ಜನ ಉಳಿಯಲಿಲ್ಲ. ಒರೆಗಾನ್ ಸ್ಟೇಟ್ ಕೋಚ್ ಜೊನಾಥನ್ ಸ್ಮಿತ್ ಮಿಷಿಗನ್ ಸ್ಟೇಟ್‌ಗೆ ಹೋದರು. ವಾಷಿಂಗ್ಟನ್ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿ ನಡೆಸುವ ಮುಖ್ಯ ಆಟಗಾರ) ಕ್ಯಾಮ್ ವಾರ್ಡ್ ಮಯಾಮಿಗೆ ಹೋಗಿ 2025ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಆಯ್ಕೆಯಾದರು. ಅವರ ಜಾಗಕ್ಕೆ ಬಂದ ಜಾನ್ ಮಟೀರ್ ಒಂದು ಸೀಸನ್ ಮಿಂಚಿ ಒಕ್ಲಹೋಮ ಸೇರಿದರು. 2025ರಲ್ಲಿ ವಾಷಿಂಗ್ಟನ್ ಸ್ಟೇಟ್ ಅಥ್ಲೆಟಿಕ್ಸ್‌ನಲ್ಲಿ ಎಸೆತ, ಜಿಗಿತದ ಸ್ಪರ್ಧೆಗಳಿಗೆ ಕತ್ತರಿ ಹಾಕಿತು. ಇದಕ್ಕೆ ಎದುರಾಗಿ ಒಂದು ಮಾತು: ಒರೆಗಾನ್ ಸ್ಟೇಟ್ ಬೇಸ್‌ಬಾಲ್ ತಂಡ ಅದೇ ವರ್ಷ ಯಾವ ಕಾನ್ಫರೆನ್ಸೂ ಇಲ್ಲದೆ, ಹೆಚ್ಚಿನ ಪಂದ್ಯಗಳನ್ನು ಪರ ಊರುಗಳಲ್ಲೇ ಆಡಿ, ಒಮಾಹದಲ್ಲಿ ನಡೆಯುವ ರಾಷ್ಟ್ರೀಯ ಅಂತಿಮ ಘಟ್ಟ ಕಾಲೇಜು ವರ್ಲ್ಡ್ ಸೀರೀಸ್ ತಲುಪಿತು.

ದುಡ್ಡು ಫುಟ್‌ಬಾಲ್‌ನದು, ಪ್ರಯಾಣ ಎಲ್ಲರದು

ಪರಿಣಾಮಗಳ ಬಗ್ಗೆ ಬರೆಯುವಾಗ ನಾವು ಬಹಳಷ್ಟು ಮಂದಿ ಫುಟ್‌ಬಾಲ್ ಆದಾಯದಲ್ಲೇ ನಿಂತುಬಿಡುತ್ತೇವೆ. ಫುಟ್‌ಬಾಲ್ ತಂಡಕ್ಕೆ ವಾರಕ್ಕೊಂದು ಪಂದ್ಯ, ಸೀಸನ್ನಿಗೆ ಹನ್ನೆರಡು, ಅದರಲ್ಲಿ ಅರ್ಧದಷ್ಟು ತವರಿನಲ್ಲಿ, ಹೋಗುವುದಕ್ಕೆ ಬಾಡಿಗೆ ವಿಮಾನ. ದೂರ ಅವರನ್ನು ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ವಾಲಿಬಾಲ್, ಸಾಫ್ಟ್‌ಬಾಲ್, ಸಾಕರ್ ಆಡುವ ಹುಡುಗಿಯರನ್ನು. ಲಾಸ್ ಏಂಜಲೀಸ್‌ನಿಂದ ನ್ಯೂಜೆರ್ಸಿಯ ರಟ್ಗರ್ಸ್‌ಗೆ ಸುಮಾರು 3,900 ಕಿಲೋಮೀಟರ್. ಬೆಂಗಳೂರು–ದೆಹಲಿ ವಿಮಾನ ದೂರದ ಎರಡು ಪಟ್ಟಿಗೂ ಮಿಕ್ಕಿ, ಮೂರು ಗಂಟೆ ಸಮಯ ವ್ಯತ್ಯಾಸ ಬೇರೆ. ಸ್ಟ್ಯಾನ್‌ಫರ್ಡ್‌ನಿಂದ ಬಾಸ್ಟನ್ ಕಾಲೇಜು ಇನ್ನೂ ದೂರ. ವಾರದಲ್ಲಿ ಎರಡು ಪಂದ್ಯ, ಮಧ್ಯೆ ತರಗತಿ, ಇಂಟರ್ನಲ್ಸ್, ಲ್ಯಾಬ್. ಇವರ ಪಂದ್ಯ ನೋಡಲಿಕ್ಕೆಂದು ಟಿವಿ ಕಂಪನಿ ಆ ಕೋಟಿಗಳನ್ನು ಕೊಡುತ್ತಿಲ್ಲ, ಆದರೂ ಅದರ ನಕ್ಷೆಯ ಮೇಲೆ ಓಡಾಡಬೇಕಾದವರು ಇವರೇ. ಸಿಯಾಟಲ್, ಬೇ ಏರಿಯಾದ ಕನ್ನಡದ ಮನೆಗಳಿಂದ ಈ ಕ್ಯಾಂಪಸ್‌ಗಳಿಗೆ ಹೋಗುವ ಮಕ್ಕಳು ಬೇಕಾದಷ್ಟಿದ್ದಾರೆ. ಅವರನ್ನು ಕೇಳಿದರೆ ಫುಟ್‌ಬಾಲ್ ಸಂಭ್ರಮದ ಕಥೆ ಸಿಗುತ್ತದೆ, ಈಜುಗಾರ್ತಿಯ ವಿಮಾನ ಟಿಕೆಟ್ಟಿನ ಲೆಕ್ಕ ಸಿಗುವುದಿಲ್ಲ.

ಬೇರೆ ದಾರಿ ಇಲ್ಲವೇ ಅಂದರೆ, ಇದೆ. ಯುಎಸ್‌ಸಿ, ಯುಸಿಎಲ್‌ಎ, ಸ್ಟ್ಯಾನ್‌ಫರ್ಡ್, ಕ್ಯಾಲ್ ನಾಲ್ಕೂ ಪುರುಷರ ವಾಟರ್ ಪೋಲೋವನ್ನು ಈಗಲೂ ಪಶ್ಚಿಮದ ಮೌಂಟನ್ ಪೆಸಿಫಿಕ್ ಫೆಡರೇಶನ್‌ನಲ್ಲೇ ಆಡುತ್ತವೆ. ಫುಟ್‌ಬಾಲ್ ಒಂದು ಕಡೆ, ಉಳಿದ ಆಟಗಳು ಅಕ್ಕಪಕ್ಕದವರೊಡನೆ. ಇದನ್ನೇ ಎಲ್ಲ ಆಟಗಳಿಗೂ ಹಬ್ಬಿಸಬಾರದೇಕೆ ಎಂದು ಹಲವರು ಕೇಳಿದ್ದಾರೆ, ನನಗೂ ಅದೇ ಸರಿಯೆನಿಸುತ್ತದೆ.

ಕ್ಯಾಂಪಸ್‌ಗಳ ನಡುವೆಯೂ ಬಿರುಕು ಬಿತ್ತು. ಯುಸಿಎಲ್‌ಎ, ಕ್ಯಾಲ್ ಎರಡೂ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ವ್ಯವಸ್ಥೆಯ ಕೂಸುಗಳು. ಒಬ್ಬರು ಹೊರಟದ್ದರಿಂದ ಇನ್ನೊಬ್ಬರಿಗೆ ನಷ್ಟ ಅಂತ ಆಡಳಿತ ಮಂಡಳಿ ಯುಸಿಎಲ್‌ಎ ವರ್ಷಕ್ಕೆ ಒಂದು ಕೋಟಿ ಡಾಲರ್ ಕ್ಯಾಲ್‌ಗೆ ಕೊಡಬೇಕು ಎಂದು 2024ರಲ್ಲಿ ನಿಗದಿಮಾಡಿತು. ಇದರ ಮೇಲೆ 2025ರ ಜೂನ್‌ನಲ್ಲಿ ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ 'ಹೌಸ್' ಪ್ರಕರಣದ ರಾಜಿ ಬಂತು: ಮೊದಲ ವರ್ಷ ಪ್ರತಿ ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ನೇರವಾಗಿ 2.05 ಕೋಟಿ ಡಾಲರ್‌ವರೆಗೆ ಹಂಚಬಹುದು. ಶೇಕಡ 30ರ ಪಾಲಿಗೆ ತಲೆಯಾಡಿಸಿದವರಿಗೂ, ಪೂರ್ಣ ಪಾಲಿನವರಿಗೂ ಈ ಮಿತಿ ಒಂದೇ. ತುಂಬುವ ಶಕ್ತಿ ಮಾತ್ರ ಬೇರೆ ಬೇರೆ.

ಕೆಳಗಿನವರ ಪಾಲು

ಫುಟ್‌ಬಾಲ್‌ನ ಉನ್ನತ ಮಟ್ಟದಲ್ಲಿ ಕಾನ್ಫರೆನ್ಸ್ ಎನಿಸಿಕೊಳ್ಳಲು ಎಂಟು ಸದಸ್ಯರು ಬೇಕು, ಕಡಿಮೆಯಾದರೆ ಎರಡು ವರ್ಷ ರಿಯಾಯಿತಿ. ಇಬ್ಬರೇ ಉಳಿದ ಪ್ಯಾಕ್-12 ಆ ಅವಧಿಯಲ್ಲಿ ಮೌಂಟನ್ ವೆಸ್ಟ್ ಕಾನ್ಫರೆನ್ಸ್‌ಗೆ 1.4 ಕೋಟಿ ಡಾಲರ್ ಕೊಟ್ಟು 2024ರ ಪಂದ್ಯಗಳನ್ನು ಹೊಂದಿಸಿಕೊಂಡಿತು. ಆ ಒಪ್ಪಂದದಲ್ಲೇ ಮೌಂಟನ್ ವೆಸ್ಟ್‌ನ ಸದಸ್ಯರನ್ನು ಸೆಳೆದರೆ ದಂಡ ಅನ್ನುವ ಷರತ್ತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಪ್ಯಾಕ್-12 ಸೆಳೆದದ್ದು ಅಲ್ಲಿಂದಲೇ: ಬಾಯ್ಸಿ ಸ್ಟೇಟ್, ಕೊಲೊರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಆಮೇಲೆ ಯೂಟಾ ಸ್ಟೇಟ್. ಸುಮಾರು 5.5 ಕೋಟಿ ಡಾಲರ್ ದಂಡದ ಪ್ರಶ್ನೆ ಎದ್ದಾಗ ಆ ಷರತ್ತೇ ಕಾನೂನುಬಾಹಿರ ಎಂದು ಪ್ಯಾಕ್-12 ಕೋರ್ಟಿಗೆ ಹೋಯಿತು. ನಿನ್ನೆ ತನಗಾದದ್ದನ್ನು ಇಂದು ಪಕ್ಕದ ಮನೆಗೆ ಮಾಡುವುದಕ್ಕೆ ಅದು ಒಂದು ವರ್ಷಕ್ಕಿಂತ ಹೆಚ್ಚೇನೂ ಕಾಯಲಿಲ್ಲ. ಫುಟ್‌ಬಾಲ್ ಇಲ್ಲದ ಗೊನ್ಜಾಗ ಸೇರಿತು, 2025ರ ಜೂನ್‌ನಲ್ಲಿ ಟೆಕ್ಸಸ್ ಸ್ಟೇಟ್ ಬಂದು ಎಂಟು ಭರ್ತಿಯಾಯಿತು. ಹೊಸ ರೂಪ 2026ರ ಜುಲೈ 1ರಿಂದ.

ಖಾಲಿಯಾದ ಮೌಂಟನ್ ವೆಸ್ಟ್ ಟೆಕ್ಸಸ್‌ನ ಯುಟಿಇಪಿಯನ್ನು ಕರೆಯಿತು, ಫುಟ್‌ಬಾಲ್‌ಗೆ ಮಾತ್ರ ಇಲಿನಾಯ್‌ನ ನಾರ್ದರ್ನ್ ಇಲಿನಾಯ್ ಅನ್ನೂ ಸೇರಿಸಿಕೊಂಡಿತು. ಟೆಕ್ಸಸ್ ಸ್ಟೇಟ್ ಬಿಟ್ಟುಬಂದ ಸನ್ ಬೆಲ್ಟ್ ಕಾನ್ಫರೆನ್ಸ್ ಲೂಯಿಸಿಯಾನ ಟೆಕ್ ಕಡೆ ಕೈಚಾಚಿತು. ಸರಪಳಿಯ ತುದಿಯಲ್ಲಿರುವವರ ಕೈಗೆ ಬರುವ ಟಿವಿ ಹಣ ಅತ್ಯಲ್ಪ, ಕ್ರೀಡಾ ಬಜೆಟ್‌ನ ದೊಡ್ಡ ಭಾಗ ವಿದ್ಯಾರ್ಥಿ ಶುಲ್ಕ ಮತ್ತು ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಯಿಂದ.

ಮುಂದಿನ ಸುತ್ತಿಗೆ ಗುರುತು ಹಾಕಿಕೊಳ್ಳಬೇಕಾದ ವರ್ಷಗಳು ಹೀಗಿವೆ. ಬಿಗ್ ಟೆನ್ ಟಿವಿ ಒಪ್ಪಂದ 2030ಕ್ಕೆ ಮುಗಿಯುತ್ತದೆ. ಬಿಗ್ 12ರದು 2031ಕ್ಕೆ, ಹೊಸ ಪ್ಯಾಕ್-12 ಸಿಬಿಎಸ್ ಎಂಬ ಟಿವಿ ಕಂಪನಿ ಜೊತೆ ಮಾಡಿಕೊಂಡದ್ದೂ ಅಷ್ಟೇ. 2036ರವರೆಗೆ ಗಟ್ಟಿ ಅಂದುಕೊಂಡಿದ್ದ ಎಸಿಸಿಯಲ್ಲೂ, ಫ್ಲಾರಿಡ ಸ್ಟೇಟ್ ಮತ್ತು ಕ್ಲೆಮ್ಸನ್ ಜೊತೆ 2025ರ ಮಾರ್ಚ್‌ನಲ್ಲಿ ಆದ ರಾಜಿಯಂತೆ, ಬಿಟ್ಟು ಹೋಗುವ ಶುಲ್ಕ ವರ್ಷವರ್ಷ ಇಳಿದು 2030–31ಕ್ಕೆ ಏಳೂವರೆ ಕೋಟಿ ಡಾಲರ್‌ಗೆ ಬರುತ್ತದೆ.