20 ಕಂಬ ಬಿದ್ದ ಮೇಲೆ

ಟವರ್ ಮೇಲೆ ಆಂಟೆನಾ ಕಟ್ಟಿಸುವುದು ನನ್ನ ಕೆಲಸ. ಹೊಸದಾಗಿ ಕೆಲಸಕ್ಕೆ ಸೇರುವ ಎಂಜಿನಿಯರುಗಳಿಗೆ ನಾನು ಮೊದಲು ಹೇಳುವುದು 1901ರ ಒಂದು ಅವಘಡದ ಕಥೆ.

ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯಲ್ಲಿ ಪೋಲ್ಡು ಅಂತ ಒಂದು ಜಾಗ. ಅಟ್ಲಾಂಟಿಕ್‌ನ ಆಚೆ ದಡಕ್ಕೆ ತಂತಿಯಿಲ್ಲದೆ ರೇಡಿಯೋ ಸಂಕೇತ ಕಳಿಸಲು ಇಟಲಿಯ ಸಂಶೋಧಕ ಮಾರ್ಕೋನಿಯ ಕಂಪನಿ ಅಲ್ಲಿ 200 ಅಡಿ ಎತ್ತರದ 20 ಕಂಬಗಳನ್ನು ದುಂಡಗೆ ನಿಲ್ಲಿಸಿತ್ತು. ಪ್ರತಿ ಕಂಬದ ತುದಿಯನ್ನೂ ಪಕ್ಕದ ಕಂಬದ ತುದಿಗೆ ಬಿಗಿದಿದ್ದರು. ಅಂದರೆ ಒಂದು ಕಂಬ ವಾಲಿದರೆ ಪಕ್ಕದ್ದನ್ನೂ ಎಳೆಯುತ್ತದೆ. ಅಮೆರಿಕದ ಕೇಪ್ ಕಾಡ್‌ನಲ್ಲಿ ಇದೇ ನಮೂನೆಯ ಕಂಬಗಳನ್ನು ನಿಲ್ಲಿಸುತ್ತಿದ್ದ ಕಂಪನಿಯದೇ ಎಂಜಿನಿಯರ್ ವಿವಿಯನ್, ಇದು ಗಾಳಿಗೆ ನಿಲ್ಲುವುದಿಲ್ಲ ಅಂತ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೆಪ್ಟೆಂಬರಿನ ಬಿರುಗಾಳಿಗೆ ಪೋಲ್ಡು ಉರುಳಿತು. ನವೆಂಬರಿನಲ್ಲಿ ಕೇಪ್ ಕಾಡ್‌ನ ಕಂಬಗಳೂ ಮಲಗಿದವು.

ಆಂಟೆನಾ ಅಂದರೆ ಬರೀ ಕರೆಂಟಿನ ಲೆಕ್ಕ ಅಂತ ತುಂಬಾ ಜನ ತಿಳಿದಿರುತ್ತಾರೆ. ಅರ್ಧ ಕೆಲಸ ಹಗ್ಗ, ಬೋಲ್ಟು ಮತ್ತು ಗಾಳಿಯದ್ದು. ಒಂದು ಸಲ ಮಳೆಗಾಲದ ಮೊದಲ ಗಾಳಿಗೇ ನಮ್ಮ ಒಂದು ಆಂಟೆನಾ ಸುಮಾರು 20 ಡಿಗ್ರಿ ತಿರುಗಿ ನಿಂತಿತ್ತು. ಸಿಗ್ನಲ್ ಹೋಗಬೇಕಿದ್ದ ಬಡಾವಣೆ ಬಿಟ್ಟು ಕೆರೆಯ ಕಡೆ ಹೋಗುತ್ತಿತ್ತು. ಮೇಲೆ ಹತ್ತಿ ನೋಡಿದರೆ ಕ್ಲ್ಯಾಂಪಿನ ಒಂದೇ ಒಂದು ನಟ್ ಸಡಿಲ.

ಪೋಲ್ಡುವಿನಲ್ಲಿ ಮಾರ್ಕೋನಿ ಕೈಕಟ್ಟಿ ಕೂರಲಿಲ್ಲ. ಎರಡೇ ಕಂಬ ನಿಲ್ಲಿಸಿ, ನಡುವೆ ಬೀಸಣಿಗೆಯ ಹಾಗೆ ತಂತಿಗಳನ್ನು ಇಳಿಬಿಟ್ಟರು. ತಾವು ಕೆನಡಾ ಬದಿಯ ನ್ಯೂಫೌಂಡ್‌ಲ್ಯಾಂಡಿಗೆ ಹೋಗಿ, ಸುಮಾರು 500 ಅಡಿ ತಂತಿಯನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿದರು. ಡಿಸೆಂಬರ್ 12ರಂದು ಮೂರು ಚುಕ್ಕೆಯ ಸದ್ದು, ಅಂದರೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತಲಿಪಿಯ ‘ಎಸ್’ ಅಕ್ಷರ, ಕೇಳಿಸಿತು ಅಂತ ಅವರು ಹೇಳಿದರು. ನಿಜಕ್ಕೂ ಕೇಳಿಸಿತ್ತಾ ಅಂತ ಪರಿಣತರು ಇಂದಿಗೂ ವಾದ ಮಾಡುತ್ತಾರೆ. ಮರುವರ್ಷದ ಪ್ರಯೋಗಗಳಲ್ಲಿ ದೂರದ ಸಂಕೇತ ಕಾಗದದ ಪಟ್ಟಿಯ ಮೇಲೆಯೇ ದಾಖಲಾಯಿತು.

ರೇಡಿಯೋ ಅಲೆಗಳನ್ನು ಕಂಡುಹಿಡಿದದ್ದು ಮಾರ್ಕೋನಿ ಅಲ್ಲ. ಜರ್ಮನಿಯ ವಿಜ್ಞಾನಿ ಹರ್ಟ್ಜ್ ಮೊದಲೇ ತೋರಿಸಿದ್ದರು. ನಮ್ಮ ಜಗದೀಶಚಂದ್ರ ಬೋಸರೂ ಕಲ್ಕತ್ತೆಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. 1895ರಲ್ಲಿ ಇಟಲಿಯ ತಮ್ಮ ಮನೆಯಲ್ಲಿ ಮಾರ್ಕೋನಿ ಮಾಡಿದ್ದೇನೆಂದರೆ, ಸಂಕೇತ ಕಳಿಸುವ ಆಂಟೆನಾದ ಒಂದು ತುದಿಯನ್ನು ಮೇಲಕ್ಕೆ ಎತ್ತಿ ಇನ್ನೊಂದನ್ನು ನೆಲಕ್ಕೆ ಹೂತರು. ಸಂಕೇತ ಗುಡ್ಡ ದಾಟಿತು. ಈ ಒಂದು ತಂತಿಯ ಬಲದ ಮೇಲೆಯೇ 1897ರಲ್ಲಿ ಲಂಡನ್ನಿನಲ್ಲಿ ಕಂಪನಿ ಶುರುವಾಯಿತು. ಮರುವರ್ಷ ಚೆಮ್ಸ್‌ಫರ್ಡ್ ಊರಿನ ಹಳೆಯ ರೇಷ್ಮೆ ಕಾರ್ಖಾನೆಯೊಳಗೆ ವೈರ್‌ಲೆಸ್ ಸಲಕರಣೆಗಳ ತಯಾರಿಕೆ ಶುರು. 1912ರಲ್ಲಿ ಟೈಟಾನಿಕ್‌ನಿಂದ ನೆರವು ಕೇಳಿದ ಇಬ್ಬರು ಆಪರೇಟರುಗಳೂ ಈ ಕಂಪನಿಯ ನೌಕರರೇ. 700ಕ್ಕೂ ಹೆಚ್ಚು ಜನ ಉಳಿದರು.

ಆದರೆ ಆಂಟೆನಾದವನಾಗಿ ನನಗೆ ಮುಖ್ಯ ಅನಿಸುವುದು 1920ರ ದಶಕ. ಅಲ್ಲಿಯವರೆಗೆ ದೂರ ಹೋಗಬೇಕಾದರೆ ಉದ್ದದ ಅಲೆ, ದೈತ್ಯ ಕಂಬಗಳು, ನೂರಾರು ಕಿಲೋವ್ಯಾಟ್ ಕರೆಂಟು. ಕಂಪನಿಯ ಎಂಜಿನಿಯರ್ ಚಾರ್ಲ್ಸ್ ಫ್ರ್ಯಾಂಕ್ಲಿನ್ ಚಿಕ್ಕ ಅಲೆಗಳ ಕಡೆ ತಿರುಗಿದರು. ಎಲ್ಲ ದಿಕ್ಕಿಗೂ ಚೆಲ್ಲುವ ಬದಲು ಬೇಕಾದ ದಿಕ್ಕಿಗಷ್ಟೇ ಕಳಿಸಿದರಾಯಿತು, ಅಲ್ವಾ? ತಂತಿಗಳನ್ನು ಪರದೆಯ ಹಾಗೆ ಸಾಲಾಗಿ ಇಳಿಬಿಟ್ಟು, ಹಿಂದೆ ಇನ್ನೊಂದು ಪರದೆ ಕಟ್ಟಿದರು. ಟಾರ್ಚಿನ ಬಲ್ಬಿನ ಹಿಂದೆ ಹೊಳೆಯುವ ಬಟ್ಟಲು ಇರುತ್ತದಲ್ಲ, ಹಿಂದಿನ ಪರದೆಯ ಕೆಲಸ ಅದೇ.

ಇಲ್ಲೊಂದು ತೊಡಕಿತ್ತು. ಉದ್ದ ತಂತಿಯಲ್ಲಿ ಪ್ರತಿ ಅರ್ಧ ಅಲೆಗೊಮ್ಮೆ ಕರೆಂಟು ದಿಕ್ಕು ಬದಲಿಸುತ್ತದೆ. ಒಂದು ತುಂಡು ಕೊಟ್ಟದ್ದನ್ನು ಮುಂದಿನ ತುಂಡು ಅಳಿಸಿಬಿಡುತ್ತದೆ. ಫ್ರ್ಯಾಂಕ್ಲಿನ್ ತಲೆ ಓಡಿಸಿದರು. ಒಂದು ಬಿಟ್ಟು ಒಂದು ತುಂಡನ್ನು ಮಡಚಿ ಸುರುಳಿ ಮಾಡಿದರು. ಸುರುಳಿಯೊಳಗೆ ಸಿಕ್ಕಿದ ತುಂಡು ಹೊರಗೆ ಏನನ್ನೂ ಬಿಡುವುದಿಲ್ಲ. ಉಳಿದ ತುಂಡುಗಳೆಲ್ಲ ಒಂದೇ ದನಿಯಲ್ಲಿ ಹಾಡುತ್ತವೆ. ಕಾಗದದ ಮೇಲೆ ಇದನ್ನು ಮೊದಲ ಸಲ ಬರೆದು ನೋಡಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಸುಮಾರು 20 ಕಿಲೋವ್ಯಾಟ್‌ನಲ್ಲಿ ಖಂಡ ದಾಟಲು ಸಾಧ್ಯವಾಯಿತು. ಬ್ರಿಟನ್ನಿನಿಂದ 1926ರಲ್ಲಿ ಕೆನಡಾಕ್ಕೆ, 1927ರಲ್ಲಿ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಭಾರತಕ್ಕೆ ಈ ಬೀಮ್ ಸೇವೆ, ಅಂದರೆ ಒಂದೇ ದಿಕ್ಕಿಗೆ ಕಳಿಸುವ ಸೇವೆ, ತೆರೆಯಿತು. ನಮ್ಮ ಕಡೆಯ ನಿಲ್ದಾಣಗಳು ಪುಣೆ ಹತ್ತಿರ: ಕಳಿಸುವುದು ಖಡ್ಕಿಯಲ್ಲಿ, ಪಡೆಯುವುದು ದೌಂಡ್‌ನಲ್ಲಿ. ಸಮುದ್ರದಡಿಯ ಕೇಬಲ್ ಕಂಪನಿಗಳ ಗಿರಾಕಿಗಳು ಇತ್ತ ವಾಲಿದರು. ಆ ಏಟಿಗೆ 1929ರಲ್ಲಿ ಕೇಬಲ್ಲು ಮತ್ತು ವೈರ್‌ಲೆಸ್ ಸೇವೆಗಳನ್ನು ಒಂದೇ ಕಂಪನಿಗೆ ಸೇರಿಸಬೇಕಾಯಿತು.

ಆಮೇಲಿನದು ಮಾರ್ಕೋನಿ ಕಂಪನಿ ಕೈ ಬದಲಾದ ಕಥೆ. 1946ರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಕೈಗೆ, 1968ರಲ್ಲಿ ಜಿಇಸಿ ಎಂಬ ಇನ್ನೊಂದು ಬ್ರಿಟಿಷ್ ಕಂಪನಿಯ ಕೈಗೆ. 1999ರಲ್ಲಿ ಜಿಇಸಿ ತನ್ನ ರಕ್ಷಣಾ ವ್ಯವಹಾರವನ್ನು ಬಿಟ್ಟುಕೊಟ್ಟು, ಮಾರ್ಕೋನಿ ಅಂತ ಹೆಸರಿಟ್ಟುಕೊಂಡು ಟೆಲಿಕಾಂ ಕಂಪನಿಗಳನ್ನು ದುಬಾರಿ ಬೆಲೆಗೆ ಕೊಂಡಿತು. 2001ರಲ್ಲಿ ಟೆಲಿಕಾಂ ಮಾರುಕಟ್ಟೆ ಕುಸಿದಾಗ ಷೇರು ನೆಲಕಚ್ಚಿತು. 2005ರಲ್ಲಿ ಬಹುಪಾಲು ವ್ಯವಹಾರವನ್ನು ಸ್ವೀಡನ್ನಿನ ಟೆಲಿಕಾಂ ಕಂಪನಿ ಎರಿಕ್ಸನ್ ಕೊಳ್ಳಲು ಒಪ್ಪಿತು. ಇದನ್ನು ಬರೆಯುವಾಗ ಮನಸ್ಸಿಗೆ ಸಂಕಟವಾಗುತ್ತದೆ.

ಹೋದ ತಿಂಗಳು ಸಿಡಿಲು ಬಡಿದು ಸತ್ತ ಒಂದು ಕೋಲಿನಂಥ ಆಂಟೆನಾವನ್ನು ಬೆಂಚಿನ ಮೇಲಿಟ್ಟು ಉದ್ದಕ್ಕೆ ಸೀಳಿದೆವು. ಫೈಬರ್ ಕೊಳವೆ ಒಳಗೆ ಹಿತ್ತಾಳೆ ಸರಳು, ಆಮೇಲೆ ಒಂದು ಪುಟ್ಟ ಸುರುಳಿ, ಮತ್ತೆ ಸರಳು, ಮತ್ತೆ ಸುರುಳಿ. ಜೊತೆಗಿದ್ದ ಹುಡುಗಿ ಸುರುಳಿ ಮುಟ್ಟಿ, ‘ಸರ್, ಇದು ಯಾಕೆ?’ ಅಂದಳು. ಕುರ್ಚಿ ಎಳೆದುಕೊಂಡು ಕೂತೆ.