ಗೀರು ಉಜ್ಜಿದರೆ ತುಂಬುವುದಿಲ್ಲ

ಪೇಂಟಿಂಗ್ ಶೆಡ್ಡಿಗೆ ಬರುವ ಎಷ್ಟೋ ಕಾರುಗಳಲ್ಲಿ ನಿಜವಾದ ತೊಂದರೆ ಗೀರು ಅಲ್ಲ, ಗೀರಿನ ಸುತ್ತ ಅಂಗೈಯಗಲ ಹೊಳಪು ಸತ್ತು ಮಂಕಾದ ಜಾಗ. ತೋಟದ ದಾರಿಯಲ್ಲಿ ಕಾಫಿ ಗಿಡದ ಕೊಂಬೆಯೋ ಲಂಟಾನವೋ ಬಾಗಿಲಿಗೆ ಒಂದು ಗೆರೆ ಎಳೆದಿರುತ್ತದೆ. ಮಾಲೀಕರು ಅಂಗಡಿಯಿಂದ ರಬ್ಬಿಂಗ್ ಕಾಂಪೌಂಡ್ (ಬಣ್ಣದ ಮೇಲ್ಮೈ ಉಜ್ಜಿ ನಯಗೊಳಿಸುವ ಪೇಸ್ಟು) ಡಬ್ಬಿ ತಂದು ಭಾನುವಾರವಿಡೀ ಉಜ್ಜಿರುತ್ತಾರೆ. ಕಾರು ತಂದು ನಿಲ್ಲಿಸಿ ಕೇಳುವ ಮಾತು ಒಂದೇ: "ಇನ್ನೂ ಸ್ವಲ್ಪ ಉಜ್ಜಿದ್ದರೆ ಹೋಗುತ್ತಿತ್ತೇನೋ?" ಹೋಗುತ್ತಿರಲಿಲ್ಲ. ಎಷ್ಟು ಸಲ ಹೇಳಿದರೂ ಇದೊಂದು ವಿಷಯ ತಲೆಗೆ ಇಳಿಯುವುದಿಲ್ಲವಾದ್ದರಿಂದ ಬಿಡಿಸಿ ಬರೆಯುತ್ತಿದ್ದೇನೆ.

ಕಾಂಪೌಂಡ್ ಗೀರನ್ನು ತುಂಬುವುದಿಲ್ಲ, ಗೀರಿನ ಸುತ್ತಲಿನ ಪದರವನ್ನು ಸವೆಸುತ್ತದೆ. ಗದ್ದೆಯಲ್ಲಿ ಒಂದು ಗುಂಡಿ ಬಿದ್ದರೆ ಮಣ್ಣು ತಂದು ಹಾಕುವ ಬದಲು, ಗುಂಡಿಯ ಆಳಕ್ಕೆ ಇಡೀ ಗದ್ದೆಯನ್ನೇ ಕೆತ್ತಿ ತಗ್ಗಿಸಿದ ಹಾಗೆ. ಗುಂಡಿ ಒಂದಂಗುಲವಿದ್ದರೆ ಹಾಗೆ ಮಾಡಬಹುದು, ಒಂದಡಿ ಇದ್ದರೆ ಗದ್ದೆಯೇ ಹೋಗುತ್ತದೆ.

ಈಗಿನ ಕಾರುಗಳ ಬಣ್ಣವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ದಪ್ಪ, ಅಂದರೆ ಒಂದು ಮಿಲಿಮೀಟರಿನ ಏಳನೆಯ ಒಂದು ಪಾಲನ್ನೂ ಮೀರುವುದಿಲ್ಲ. ತಗಡಿನ ಮೇಲೆ ಬಣ್ಣ ಹಿಡಿಯಲೆಂದು ಹಾಕುವ ಪ್ರೈಮರ್, ಅದರ ಮೇಲೆ 15-20 ಮೈಕ್ರಾನಿನ ಬಣ್ಣ, ಎಲ್ಲಕ್ಕಿಂತ ಮೇಲೆ 35ರಿಂದ 50 ಮೈಕ್ರಾನಿನ ಪಾರದರ್ಶಕ ಕ್ಲಿಯರ್ ಕೋಟ್. ಉಜ್ಜಲು ನಿಮಗೆ ಸಿಗುವುದು ಆ ಕ್ಲಿಯರ್ ಕೋಟ್ ಮಾತ್ರ, ಅದರಲ್ಲೂ ಮೇಲಿನ ಕೆಲವೇ ಮೈಕ್ರಾನ್. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಆ ಪದರವೇ. ಅದನ್ನು ತೀರ ತೆಳುವಾಗಿಸಿದರೆ ಇವತ್ತು ಏನೂ ಕಾಣದು, ಆದರೆ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಅಲ್ಲೇ ಬಿಳಿಚಿಕೊಂಡು ಸಿಪ್ಪೆ ಏಳತೊಡಗುತ್ತದೆ. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಲ್ಲಿ ಪದರ ಇನ್ನೂ ತೆಳು. ಅಲ್ಲಿ ಕಾಂಪೌಂಡ್ ಮುಟ್ಟಿಸಲೇಬೇಡಿ.

ಹಾಗಾಗಿ ಡಬ್ಬಿ ತೆರೆಯುವ ಮೊದಲು ಗೀರಿನ ಆಳ ನೋಡಿ. ಆ ಜಾಗವನ್ನು ಧಾರಾಳ ನೀರು, ಶಾಂಪೂ ಹಾಕಿ ತೊಳೆಯಿರಿ. ಕೆಮ್ಮಣ್ಣಿನ ಹರಳು ಉಳಿದಿದ್ದರೆ ಒರೆಸುವ ಬಟ್ಟೆಯೇ ಹತ್ತು ಹೊಸ ಗೀರು ಹಾಕುತ್ತದೆ. ಗೀರು ಅಂದುಕೊಂಡದ್ದು ಗೇಟಿನಿಂದ ಮೆತ್ತಿದ ಬಣ್ಣವೋ ಗಿಡದ ಅಂಟೋ ಆಗಿರುವುದೂ ಉಂಟು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದರೆ ಅದು ಬಿಟ್ಟುಬರಬಹುದು. ಆಮೇಲೆ ಉಗುರನ್ನು ಗೀರಿಗೆ ಅಡ್ಡವಾಗಿ ಮೆಲ್ಲಗೆ ಎಳೆಯಿರಿ. ಉಗುರು ತಡೆಯದೆ ಜಾರಿದರೆ, ನೀರು ಚಿಮುಕಿಸಿದಾಗ ಗೀರು ಮಾಯವಾಗಿ ಒಣಗಿದಾಗ ಮತ್ತೆ ಕಂಡರೆ, ಅದು ಕ್ಲಿಯರ್ ಕೋಟಿನಲ್ಲೇ ಇದೆ. ಮಳೆಗಾಲದಲ್ಲಿ ಕಾರು ಸದಾ ಒದ್ದೆ ಇರುವುದರಿಂದ ಇಂಥ ಗೀರುಗಳು ಕಣ್ಣಿಗೇ ಬೀಳುವುದಿಲ್ಲ, ಬಿಸಿಲು ಬಂದಾಗ ಎಲ್ಲ ಒಟ್ಟಿಗೆ ಕಾಣುತ್ತವೆ. ಗಾಬರಿ ಬೇಡ. ಇವಕ್ಕೆ ನಯವಾದ ಕಾಂಪೌಂಡ್ ಸಾಕು: ಬಟಾಣಿ ಕಾಳಿನಷ್ಟು, ಮೈಕ್ರೋಫೈಬರ್ ಬಟ್ಟೆಯಲ್ಲಿ, ಗೇಣಗಲ ಜಾಗದಲ್ಲಿ ಹಗುರಾಗಿ ಇಪ್ಪತ್ತು ಮೂವತ್ತು ಸಲ. ಒರೆಸಿ ನೋಡಿ, ಬೇಕಿದ್ದರೆ ಇನ್ನೊಂದು ಸುತ್ತು. ಅಷ್ಟಕ್ಕೂ ಮಸುಕಾಗಿ ಉಳಿದರೆ ಉಳಿಯಲಿ, ಬಿಟ್ಟುಬಿಡಿ.

ಕಾಂಪೌಂಡಿನಲ್ಲಿರುವ ಎಣ್ಣೆ, ಮೇಣ ಗೀರಿನೊಳಗೆ ಕೂತು ಎರಡು ದಿನ ಅದನ್ನು ಮುಚ್ಚಿಡುವುದುಂಟು. ಟೂತ್‌ಪೇಸ್ಟಿನಿಂದ ಗೀರು ಹೋಯಿತು ಎನ್ನುವವರು ನೋಡಿದ್ದೂ ಬಹುಪಾಲು ಇದನ್ನೇ. ಎರಡು ಸಲ ತೊಳೆದ ಮೇಲೆ ಗೀರು ಮತ್ತೆ ಕಾಣುತ್ತದೆ, ಜನ ಮತ್ತೆ ಉಜ್ಜುತ್ತಾರೆ. ಉಜ್ಜಿದ ಮೇಲೆ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಒರೆಸಿ ನೋಡಿದರೆ ನಿಜಸ್ಥಿತಿ ಆಗಲೇ ತಿಳಿಯುತ್ತದೆ.

ಉಗುರು ಸಿಕ್ಕಿಕೊಂಡಿತೇ? ಹಾಗಾದರೆ ಉಜ್ಜುವ ಮಾತು ಬೇಡ, ತುಂಬಬೇಕು. ಬಣ್ಣದ ಕೋಡ್ ಸಾಮಾನ್ಯವಾಗಿ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲಿನ ಸ್ಟಿಕ್ಕರಿನಲ್ಲೋ ಬಾನೆಟ್ ಒಳಗಿನ ತಗಡಿನಲ್ಲೋ ಇರುತ್ತದೆ. ಅದನ್ನು ಕೊಟ್ಟೇ ಟಚ್‌ಅಪ್ ಬಣ್ಣ ಕೊಳ್ಳಿ, "ಬಿಳಿ ಕೊಡಿ" ಎಂದರೆ ಸರಿಹೊಂದುವ ಬಿಳಿ ಸಿಗದು. ಮೊದಲು ಪಾಲಿಶ್ ಹಾಕಬೇಡಿ, ಅದರಲ್ಲಿ ಸಿಲಿಕೋನ್ ಇದ್ದರೆ ಬಣ್ಣ ಹಿಡಿಯದೆ ಸಣ್ಣ ಗುಳಿಗಳಾಗಿ ಸರಿದುಹೋಗುತ್ತದೆ. ಆಲ್ಕೋಹಾಲಿನಿಂದ ಒರೆಸಿ, ಡಬ್ಬಿಯ ಕುಂಚ ಬದಿಗಿಟ್ಟು ಹಲ್ಲುಕಡ್ಡಿಯ ತುದಿಯಲ್ಲಿ ಬಣ್ಣ ಎತ್ತಿ ಗೀರಿನೊಳಗೆ ಮಾತ್ರ ಬಿಡಿ. ಬಣ್ಣದಲ್ಲಿ ಬೆರೆತಿರುವ ಥಿನ್ನರ್ ಆರಿದಂತೆ ಬಣ್ಣ ಕುಗ್ಗುತ್ತದೆ, ಆದ್ದರಿಂದ ಅರ್ಧ ಗಂಟೆ ಬಿಟ್ಟು ಬಿಟ್ಟು ಎರಡು ಮೂರು ತೆಳು ಪದರ ಬೇಕು. ಮೇಲೆ ಟಚ್‌ಅಪ್ ಕ್ಲಿಯರ್, ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಉಬ್ಬುವವರೆಗೆ. ಮರುದಿನವೇ ಉಜ್ಜಬೇಡಿ, ಒಂದು ವಾರ ಬಿಡಿ. ನಂತರ ರಬ್ಬರ್ ತುಂಡಿಗೆ 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಸುತ್ತಿ, ಸೋಪು ನೀರಿನಲ್ಲಿ ಆ ಉಬ್ಬನ್ನಷ್ಟೇ ತಗ್ಗಿಸಿ. ಬಳಿಕ 3000, ಕೊನೆಗೆ ಕಾಂಪೌಂಡ್. ಸಿಲ್ವರ್, ಮೆಟಾಲಿಕ್ ಬಣ್ಣಗಳಲ್ಲಿ ಕಡ್ಡಿಯಿಂದ ಇಟ್ಟ ಬಣ್ಣದ ಹರಳು ಸ್ಪ್ರೇಯಲ್ಲಿ ಕೂರುವಂತೆ ಕೂರುವುದಿಲ್ಲ, ಒಂದು ಬದಿಯಿಂದ ನೋಡಿದರೆ ಗೆರೆ ಕಂಡೇ ಕಾಣುತ್ತದೆ. ಇಷ್ಟು ಒಪ್ಪಿಕೊಂಡೇ ಕೆಲಸಕ್ಕೆ ಕೈಹಾಕಿ.

ಈ ಕೆಲಸಕ್ಕೆ ಕೊಡಗಿನ ಹವೆ ಎಲ್ಲ ತಿಂಗಳೂ ಒದಗುವುದಿಲ್ಲ. ಥಿನ್ನರ್ ಬೇಗ ಆರುವಾಗ ತಗಡಿನ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಬಣ್ಣದ ಮೇಲೆ ಹನಿಯಾಗಿ ಕೂತು ಬಿಳಿ ಮಬ್ಬು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲ, ಮಡಿಕೇರಿ ಕಡೆ ಈ ಕೆಲಸದ ಆಸೆ ಬಿಡಿ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬಕ್ಕೆ ಕಾರು ಹೊಳೆಯಬೇಕೆಂಬ ಅವಸರ ಅರ್ಥವಾಗುತ್ತದೆ, ಆದರೆ ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿ ಕಳೆಯುವವರೆಗೆ ಕಾಯುವುದೇ ಸರಿ. ಆಗಲೂ ಮಂಜು ಪೂರ್ತಿ ಕರಗಿದ ಮೇಲೆ, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರೊಳಗೆ, ನೆರಳಿನಲ್ಲಿ.

ಗೀರು ತಗಡಿನವರೆಗೆ ಇಳಿದು ಲೋಹ ಹೊಳೆಯುತ್ತಿದ್ದರೆ ಮಾತ್ರ ಅಷ್ಟು ದಿನ ಸುಮ್ಮನಿರುವಂತಿಲ್ಲ. ನಮ್ಮ ಮಳೆಗೆ ತುಕ್ಕು ಏಳಲು ಹೆಚ್ಚು ಹೊತ್ತು ಬೇಡ. ಹೇರ್ ಡ್ರೈಯರ್‌ನಿಂದ ಚೆನ್ನಾಗಿ ಒಣಗಿಸಿ ಗಟ್ಟಿ ವ್ಯಾಕ್ಸ್ ತುಂಬಿಡಿ, ಪ್ರತಿ ಸಲ ತೊಳೆದಾಗಲೂ ಮತ್ತೆ ಹಚ್ಚಿ. ಒಣಹವೆ ಬಂದಾಗ ವ್ಯಾಕ್ಸ್ ಪೂರ್ತಿ ತೆಗೆದು, ಕೆಂಪು ಕಂಡಲ್ಲಿ 400 ನಂಬರ್ ಪೇಪರಿನ ಮಡಿಸಿದ ತುದಿಯಿಂದ ಕೆರೆದು, ಲೋಹಕ್ಕೆ ಹಿಡಿಯುವ ಪ್ರೈಮರ್ ಒಂದು ಪದರ ಇಟ್ಟು ಆಮೇಲೆ ಬಣ್ಣ. ಪ್ರೈಮರ್ ಇಲ್ಲದೆ ಇಟ್ಟ ಬಣ್ಣ ಅಡಿಯಿಂದ ಗುಳ್ಳೆ ಎದ್ದು ಕಿತ್ತುಬರುತ್ತದೆ. ಬಂಪರ್ ಪ್ಲಾಸ್ಟಿಕ್, ಅದಕ್ಕೆ ತುಕ್ಕಿನ ಭಯವಿಲ್ಲ. ಅಲ್ಲಿ ಕಪ್ಪು ಗೆರೆ ಕಂಡರೂ ನಿಧಾನಕ್ಕೆ ಮಾಡಿಸಬಹುದು. ಗೆರೆ ಗೇಣಿಗಿಂತ ಉದ್ದವಿದ್ದರೆ, ತಗಡು ನೆಗ್ಗಿದ್ದರೆ, ಅಥವಾ ಪರ್ಲ್ ಬಿಳಿ ಬಣ್ಣವಾಗಿದ್ದರೆ ಮನೆಯಲ್ಲಿ ಪ್ರಯತ್ನಿಸಬೇಡಿ, ಏನನ್ನೂ ಉಜ್ಜದೆ ನೇರ ಶೆಡ್ಡಿಗೆ ತನ್ನಿ.